ಸದ್ದಿಗೊಂದು ಕದ

"ಅಲ್ಲಪ್ಪಾ, ಸೈಲೆನ್ಸರ್ ಹಾಕೋದೇ ಸದ್ದು ಅಡಗ್ಸೋಕೆ. ಚೆನ್ನಾಗಿರೋ ಸೈಲೆನ್ಸರ್ ಬಿಚ್ಚಿಟ್ಟು, ಮೇಲೆ ಅಷ್ಟು ದುಡ್ಡು ಸುರಿದು, ಸದ್ದು ಮಾಡೋ ಸೈಲೆನ್ಸರ್ ಹಾಕಿದ್ದೀಯಲ್ಲ, ಇದ್ಯಾವ ಲೆಕ್ಕ?"

ಬೇಲಿಯಾಚೆಯಿಂದ ಮೇಷ್ಟ್ರು ಕೇಳಿದ ಪ್ರಶ್ನೆ ಇದು. ಹಾಸನದ ಕಡೆ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಸ್ಟುಟ್‌ಗಾರ್ಟ್ ಮಗ್ಗುಲಿನ ಲೆಯೊನ್‌ಬರ್ಗ್‌ನಲ್ಲಿ, ನಮ್ಮ ಪಕ್ಕದ ಮನೆಯಲ್ಲೇ ಇರುವ ಮಗನ ಹತ್ತಿರ ಬೇಸಿಗೆ ಕಳೆಯಲು ಬಂದಿದ್ದಾರೆ. ಇಲ್ಲಿ ಜೂನ್ ತಿಂಗಳೆಂದರೆ ರಾತ್ರಿ ಒಂಬತ್ತೂವರೆಯವರೆಗೂ ಬೆಳಕು. ಊಟ ಮುಗಿಸಿ ಹಿತ್ತಲಿಗೆ ಬಂದರೆ ನಡುವೆ ಎದೆಮಟ್ಟದ ಹಸಿರು ಬೇಲಿ, ಆಚೆ ಮೇಷ್ಟ್ರು, ಈಚೆ ನಾನು. ಮೇಷ್ಟ್ರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಆದರೆ ಉತ್ತರ ಒಂದು ಸಂಜೆಗೆ ಮುಗಿಯುವಂಥದ್ದಲ್ಲ.

ನನ್ನದು 2007ರ ಪೋರ್ಷೆ 911. ಆ ತಲೆಮಾರಿನ ಕಾರಿಗೆ ಕಾರ್ಖಾನೆಯವರು ಇಟ್ಟ ಒಳಹೆಸರು 997. 3.6 ಲೀಟರಿನ ಎಂಜಿನ್ನು, 325 ಅಶ್ವಶಕ್ತಿ. ಆರು ಸಿಲಿಂಡರುಗಳು, ಮೂರು ಎಡಕ್ಕೆ, ಮೂರು ಬಲಕ್ಕೆ, ಅಂಗಾತ ಮಲಗಿವೆ. ಅಷ್ಟೂ ಕೂತಿರುವುದು ಹಿಂದಿನ ಚಕ್ರಗಳಿಗಿಂತಲೂ ಹಿಂದೆ. ಕಾರು ಹುಟ್ಟಿದ್ದು ಇಲ್ಲೇ ಹತ್ತಿರದ ತ್ಸುಫೆನ್‌ಹೌಸೆನ್ ಕಾರ್ಖಾನೆಯಲ್ಲಿ. ಮೊದಲು ಕೊಂಡವರು ಮಾಮೂಲಿ ಸೈಲೆನ್ಸರ್ ಸಾಕೆಂದು ಹಾಗೇ ತೆಗೆದುಕೊಂಡಿದ್ದರು. ಅದೇ ಕಾರಿಗೆ ಗುಂಡಿ ಒತ್ತಿದರೆ ದನಿ ಬದಲಾಗುವ ಸ್ಪೋರ್ಟ್ ಎಗ್ಸಾಸ್ಟ್ ಕೂಡ ಕಾರ್ಖಾನೆಯಲ್ಲೇ ಸಿಗುತ್ತಿತ್ತು. ಆಗ ಹಾಕಿಸಿಕೊಳ್ಳದವರು ಆಮೇಲೂ ಹಾಕಿಸಿಕೊಳ್ಳಬಹುದು. ನಾನು ಈ ವಸಂತದಲ್ಲಿ ಹಾಕಿಸಿಕೊಂಡದ್ದು ಅದನ್ನೇ.

"ಮೇಷ್ಟ್ರೇ, ನಿಮ್ಮೂರಲ್ಲಿ ಯೆಜ್ಡಿ ಯಾರ ಹತ್ರ ಇತ್ತು?" ಎಂದೆ. ಮೇಷ್ಟ್ರ ಮುಖ ಅರಳಿತು. ಪೋಸ್ಟ್ ಮಾಸ್ಟರ ಹತ್ತಿರ ಇತ್ತಂತೆ. ಕೆರೆ ಏರಿಯ ಆಚೆ ತಿರುವಿನಲ್ಲಿ ಬರುವಾಗಲೇ ತರಗತಿಯ ಮಕ್ಕಳೆಲ್ಲ "ಪೋಸ್ಟ್ ಮಾಸ್ಟ್ರು ಬಂದ್ರು" ಅನ್ನುತ್ತಿದ್ದರಂತೆ. ಗಾಡಿ ಕಣ್ಣಿಗೆ ಬಿದ್ದಿಲ್ಲ, ಸವಾರ ಕಂಡಿಲ್ಲ, ದನಿಯೊಂದೇ ಸಾಕಾಗಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಇದ್ದದ್ದು ಒಂದೇ ಸಿಲಿಂಡರು, ಆದರೆ ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರು. ಎರಡು ಸ್ಟ್ರೋಕಿನ ಎಂಜಿನ್ನಾದ್ದರಿಂದ ಪ್ರತಿ ಸುತ್ತಿಗೂ ಒಂದು ಉರಿ. ಆ ಟಣ್ ಟಣ್ ದನಿ ಬೇರೆ ಯಾವ ಗಾಡಿಗೂ ಇರಲಿಲ್ಲ. ಎಂಜಿನ್ನಿನ ಮೈಕಟ್ಟು ಹೇಗೋ ದನಿಯೂ ಹಾಗೆ. ನನಗೆ ಈ ವಿಷಯದಲ್ಲಿ ಇಷ್ಟು ಆಸೆ ಹುಟ್ಟಿಸಿದ್ದೂ ಅದೇ: ನನ್ನ ಕಾರಿನ ಆರು ಸಿಲಿಂಡರಿಗೂ ಒಂದು ಸ್ವಂತ ದನಿ ಇದೆ, ಅದನ್ನು ಒಮ್ಮೆಯಾದರೂ ಪೂರ್ತಿ ಕೇಳಬೇಕು.

ಮೇಷ್ಟ್ರ ಜೊತೆ ಮಾತೆಂದರೆ ಲೆಕ್ಕ ಬೇಕು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರು ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಆರು ಸಿಲಿಂಡರಿದ್ದರೆ ಸುತ್ತಿಗೆ ಮೂರು ಉರಿ. ನಿಮಿಷಕ್ಕೆ 3000 ಸುತ್ತು ಅಂದರೆ ಸೆಕೆಂಡಿಗೆ 50 ಸುತ್ತು, 150 ಉರಿ. ಹಾಗಾಗಿ ಕೊಳವೆಯಲ್ಲಿ ಹುಟ್ಟುವ ಮೂಲ ದನಿ 150 ಹರ್ಟ್ಸ್. 7200 ಸುತ್ತಿಗೆ ಏರಿಸಿದರೆ 360 ಹರ್ಟ್ಸ್. ನಾಲ್ಕು ಸಿಲಿಂಡರಿನ ಕಾರಿನಲ್ಲಿ ಅದೇ 3000 ಸುತ್ತಿಗೆ ಸಿಗುವುದು 100 ಹರ್ಟ್ಸ್. 2016ರಲ್ಲಿ ಪೋರ್ಷೆಯವರು ಬಾಕ್ಸ್‌ಸ್ಟರ್ ಮತ್ತು ಕೇಮನ್ ಕಾರುಗಳ ಆರು ಸಿಲಿಂಡರು ತೆಗೆದು ನಾಲ್ಕು ಸಿಲಿಂಡರಿನ ಟರ್ಬೊ ಇಟ್ಟಾಗ ಓಟ ಚುರುಕಾಯಿತು. ಆದರೂ ದನಿ ಹೋಯಿತೆಂದು ಜನ ಬೇಸರಪಟ್ಟುಕೊಂಡರು. ಕೊನೆಗೆ ಅದೇ ಸಾಲಿನ ಮೇಲಿನ ದರ್ಜೆಯ ಕಾರುಗಳಿಗೆ 4.0 ಲೀಟರಿನ ಆರು ಸಿಲಿಂಡರು ಮತ್ತೆ ಬಂತು. ಕಿವಿಯೂ ಗಿರಾಕಿಯೇ, ಕಾರ್ಖಾನೆಯವರು ಅದರ ಮಾತನ್ನೂ ಕೇಳಬೇಕಾಯಿತು.

ಇನ್ನೊಂದು ಸೂಕ್ಷ್ಮ ಇದೆ. ಈ ಎಂಜಿನ್ನಿನಲ್ಲಿ ಉರಿಯುವ ಕ್ರಮ 1-6-2-4-3-5. ಒಂದರಿಂದ ಮೂರು ಒಂದು ಬದಿ, ನಾಲ್ಕರಿಂದ ಆರು ಇನ್ನೊಂದು ಬದಿ. ಕ್ರಮ ನೋಡಿದರೆ ಒಮ್ಮೆ ಈ ಬದಿ, ಒಮ್ಮೆ ಆ ಬದಿ, ತಪ್ಪದೆ ಸರದಿ. ಒಂದೊಂದು ಬದಿಯ ಕೊಳವೆಗೆ ಬರುವುದು ಅರ್ಧದಷ್ಟೇ ಉರಿ, 3000 ಸುತ್ತಿಗೆ 75 ಹರ್ಟ್ಸ್. ಎರಡು ಬದಿಯ ದನಿ ಬೆರೆತಾಗ ಈ 75 ಪೂರ್ತಿ ಅಳಿಸಿಹೋಗುವುದಿಲ್ಲ, 150ರ ಅಡಿಯಲ್ಲಿ ತೆಳ್ಳಗೆ ಉಳಿಯುತ್ತದೆ. 911ರ ದನಿಯಲ್ಲಿರುವ ಆ ಒರಟು ಎಳೆ ಬಹುಮಟ್ಟಿಗೆ ಇದರದ್ದೇ. ಇದನ್ನು ಹೇಳುವಾಗ ಮೇಷ್ಟ್ರು ಬೇಲಿಯ ಆರು ಎಲೆ ಕಿತ್ತು ಸಾಲಾಗಿ ಇಟ್ಟು, ಬೆರಳಿನಿಂದ ಒಂದೊಂದನ್ನೇ ಮುಟ್ಟಿ ಲೆಕ್ಕ ಹಾಕಿದರು. "ಸರಿಯಾಗಿದೆ" ಎಂದು ತಲೆಯಾಡಿಸಿದ ಮೇಲೆಯೇ ಮಾತು ಮುಂದಕ್ಕೆ ಹೋದದ್ದು.

ಈ ದನಿಯನ್ನು ಅಡಗಿಸುವುದು ಹೇಗೆ? ಸೈಲೆನ್ಸರಿನ ಡಬ್ಬಿಯೊಳಗೆ ಮೂರು ಬಗೆಯ ಉಪಾಯ ಇರುತ್ತವೆ. ತೂತು ಕೊರೆದ ಕೊಳವೆಯ ಸುತ್ತ ಗಾಜಿನ ನಾರೋ ಕಲ್ಲಿನ ನಾರೋ ತುಂಬಿ, ಕೀಚಲು ದನಿಗಳನ್ನು ಹೀರಿಸುವುದು ಒಂದು. ಗೋಡೆ ಕಟ್ಟಿ, ದಾರಿ ತಿರುಗಿಸಿ, ಅಲೆ ಹೋದಲ್ಲೆಲ್ಲ ಡಿಕ್ಕಿ ಹೊಡೆದು ಹಿಂದಕ್ಕೆ ಬರುವಂತೆ ಮಾಡುವುದು ಇನ್ನೊಂದು. ಸಣ್ಣ ಕತ್ತಿನ ಒಂದು ಕೋಣೆ ಮಾಡಿ, ಆಯ್ದ ಒಂದೇ ಶ್ರುತಿಯ ಅಲೆಯನ್ನು ಅದರಲ್ಲಿ ಸಿಕ್ಕಿಸಿ ಕೊಲ್ಲುವುದು ಮೂರನೆಯದು. ಈ ಕೋಣೆಗೆ ಹೆಲ್ಮ್‌ಹೋಲ್ಟ್ಸ್ ಅನುರಣಕ ಎಂದು ಹೆಸರು. ಉದಾಹರಣೆಗೆ 110 ಹರ್ಟ್ಸಿನ ಅಲೆಯನ್ನು ತುದಿ ಮುಚ್ಚಿದ ಬರಿಯ ಕುರುಡು ಕೊಳವೆಯಿಂದ ಅಡಗಿಸಬೇಕೆಂದರೆ, 500 ಡಿಗ್ರಿ ಬಿಸಿ ಹೊಗೆಯಲ್ಲಿ ದನಿ ಸೆಕೆಂಡಿಗೆ ಸುಮಾರು 557 ಮೀಟರ್ ಓಡುವುದರಿಂದ, ಮೀಟರಿಗಿಂತ ಉದ್ದದ ಕೊಳವೆ ಬೇಕು. ಕಾರಿನ ಹಿಂದೆ ಅಷ್ಟು ಜಾಗ ಎಲ್ಲಿಂದ ತರುವುದು? ಕೋಣೆಯಾದರೆ ಸಣ್ಣ ಜಾಗದಲ್ಲೇ ಕೆಲಸ ಮುಗಿಸುತ್ತದೆ.

ಹೆಲ್ಮ್‌ಹೋಲ್ಟ್ಸ್ ಹೆಸರು ಬಂದದ್ದೇ ತಡ, ಮೇಷ್ಟ್ರು ಮಾತಿನ ಚುಕ್ಕಾಣಿ ಹಿಡಿದರು. ಹೆಲ್ಮ್‌ಹೋಲ್ಟ್ಸ್ ಇಲ್ಲಿಂದ ದೂರವೇನಲ್ಲದ ಹೈಡೆಲ್‌ಬರ್ಗ್‌ನಲ್ಲಿ ಪ್ರಾಧ್ಯಾಪಕರಾಗಿದ್ದಾಗ, 1863ರಲ್ಲಿ, ನಾದದ ಸಂವೇದನೆಗಳ ಮೇಲಿನ ತಮ್ಮ ದೊಡ್ಡ ಗ್ರಂಥ ಹೊರತಂದರು. ಅದನ್ನು ಹುಡುಗನಾಗಿದ್ದಾಗಲೇ ಓದಿ ಮರುಳಾದವರು ಸಿ. ವಿ. ರಾಮನ್. ತಮ್ಮನ್ನು ರೂಪಿಸಿದ ಪುಸ್ತಕಗಳಲ್ಲಿ ಅದೂ ಒಂದೆಂದು ರಾಮನ್ ಹೇಳಿಕೊಂಡಿದ್ದಾರೆ. ಬೆಳಕಿನ ಕೆಲಸಕ್ಕೆ ನೊಬೆಲ್ ಬರುವುದಕ್ಕೆ ಮುಂಚೆ ಅವರು ಪಿಟೀಲು, ಮೃದಂಗ, ತಬಲಾಗಳ ನಾದವನ್ನು ಅಭ್ಯಾಸ ಮಾಡಿದ್ದರು. ಮೃದಂಗದ ನಡುವೆ ಹಚ್ಚುವ ಕರಣೆಯಿಂದಾಗಿ ಅದರ ಮೇಲುದನಿಗಳು ಹೇಗೆ ಒಂದಕ್ಕೊಂದು ಹೊಂದಿಕೊಂಡು ಕೂರುತ್ತವೆ ಎಂಬುದನ್ನು 1920ರಲ್ಲಿ ತೋರಿಸಿಕೊಟ್ಟರು. 1933ರಲ್ಲಿ ಬೆಂಗಳೂರಿಗೆ ಬಂದವರು ಕೊನೆಯವರೆಗೂ ಅಲ್ಲಿಯವರೇ ಆದರು.

"ಹಾಗಿದ್ರೆ ಇದನ್ನೂ ಕೇಳಿ ಮೇಷ್ಟ್ರೇ" ಎಂದು ನಾನು ಒಂದು ಸಂಗತಿ ಹೇಳಿದೆ. ಸೈಲೆನ್ಸರ್ ಶಾಸ್ತ್ರದಲ್ಲಿ ಜಗತ್ತಿನ ಎಂಜಿನಿಯರುಗಳು ಇಂದಿಗೂ ತಿರುವಿ ಹಾಕುವ ಪುಸ್ತಕವೊಂದಿದೆ, 'ಅಕೌಸ್ಟಿಕ್ಸ್ ಆಫ್ ಡಕ್ಟ್ಸ್ ಆ್ಯಂಡ್ ಮಫ್ಲರ್ಸ್'. 1987ರಲ್ಲಿ ಬಂದದ್ದು. ಬರೆದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿಸಿದ ಪ್ರೊಫೆಸರ್ ಎಂ. ಎಲ್. ಮುಂಜಾಲ್. ಕೊಳವೆ, ಕೋಣೆ, ಕತ್ತು, ಒಂದೊಂದನ್ನೂ ಸಣ್ಣ ಗಣಿತದ ಚೌಕವಾಗಿ ಬರೆದು, ಅವನ್ನು ಸಾಲಾಗಿ ಗುಣಿಸುತ್ತ ಹೋದರೆ ಇಡೀ ಸೈಲೆನ್ಸರು ಯಾವ ದನಿಯನ್ನು ಎಷ್ಟು ತಡೆಯುತ್ತದೆಂದು ತಗಡು ಕತ್ತರಿಸುವ ಮೊದಲೇ ಹೇಳಬಹುದು. ಆ ವಿಧಾನವನ್ನು ಒಪ್ಪವಾಗಿ ಕಟ್ಟಿಕೊಟ್ಟ ಪುಸ್ತಕ ಅದು. ನಾನು ಕೆಲಸ ಮಾಡುವ ಕಡೆಯ ಕಪಾಟಿನಲ್ಲೂ ಇದೆ, ಬೆನ್ನಿನ ಬಟ್ಟೆ ಸವೆದಿದೆ. ಜರ್ಮನಿಯ ಕಾರಿನ ದನಿಯ ಹಿಂದೆ ಮಲ್ಲೇಶ್ವರದ ಪಕ್ಕದ ಕ್ಯಾಂಪಸ್ಸಿನಲ್ಲಿ ಕೂತು ಬರೆದ ಲೆಕ್ಕಗಳಿವೆ ಎಂದಾಗ ಮೇಷ್ಟ್ರಿಗೆ ಆದ ಸಂತೋಷ ನೋಡಬೇಕಿತ್ತು.

ಬೇಕಾದಾಗ ಸದ್ದು, ಬೇಡದಾಗ ಮೌನ ಎಂಬ ಆಸೆ ಹೊಸದೇನಲ್ಲ. ಅಮೆರಿಕದ ಇಂಡಿಯಾನಾದ ಕೊಲಂಬಸ್ ಎಂಬ ಊರಿನ ರೀವ್ಸ್ ಸೋದರರು ಎಂಜಿನ್ನಿಗೆ ಸೈಲೆನ್ಸರ್ ಕಟ್ಟುವ ಪೇಟೆಂಟು ಪಡೆದದ್ದು 1897ರಲ್ಲಿ. ಅದಾಗಿ ಹೆಚ್ಚು ವರ್ಷ ಕಳೆಯುವ ಮೊದಲೇ ಕಟ್-ಔಟ್ ಎಂಬ ಸಾಧನ ಬಂತು. ಕಾಲಡಿಯಲ್ಲೊಂದು ಪೆಡಲು, ಅದನ್ನು ತುಳಿದರೆ ಹೊಗೆ ಸೈಲೆನ್ಸರಿಗೆ ಹೋಗದೆ ಮೊದಲೇ ತೆರೆದ ಬಾಯಿಂದ ಹೊರಬೀಳುತ್ತಿತ್ತು. ಆಗಿನ ಸೈಲೆನ್ಸರುಗಳು ಎಂಜಿನ್ನಿನ ಉಸಿರು ಕಟ್ಟಿಸುತ್ತಿದ್ದವು. ಗುಡ್ಡ ಹತ್ತುವಾಗ ಕಸುವು ಬೇಕಾದರೆ ಪೆಡಲು ತುಳಿಯುವುದು ರೂಢಿಯಾಯಿತು. ಆಮೇಲೆ ಗುಡ್ಡವಿಲ್ಲದ ಕಡೆಯೂ, ನಡುಪೇಟೆಯಲ್ಲೂ ತುಳಿಯತೊಡಗಿದರು. ಕುದುರೆಗಳು ಬೆದರಿದವು, ಜನ ದೂರು ಕೊಟ್ಟರು, ಒಂದೊಂದಾಗಿ ಊರುಗಳು ಅದನ್ನು ನಿಷೇಧಿಸಿದವು. ಎಲ್ಲಿ ತೆರೆಯಬೇಕು, ಎಲ್ಲಿ ಮುಚ್ಚಬೇಕು ಎಂಬ ವಿವೇಕ ಕಾಲಿಗೆ ಇಲ್ಲದೆ ಹೋದದ್ದರಿಂದ ಒಳ್ಳೆಯ ಸಾಧನವೊಂದು ಕೆಟ್ಟ ಹೆಸರು ಹೊತ್ತು ಮರೆಯಾಯಿತು.

ಈಗಿನ ಏರ್ಪಾಡು ಹಾಗಲ್ಲ. ಹೊಗೆ ಎಲ್ಲಿಯೂ ಸೈಲೆನ್ಸರ್ ತಪ್ಪಿಸಿಕೊಂಡು ಹೋಗುವುದಿಲ್ಲ. ಡಬ್ಬಿಯೊಳಗೇ ಎರಡು ದಾರಿ. ಒಂದು ಸುತ್ತು ಬಳಸಿ, ಎಲ್ಲ ಕೋಣೆಗಳನ್ನೂ ಹಾದು ಬರುವ ದಾರಿ. ಇನ್ನೊಂದು ಹತ್ತಿರದ ದಾರಿ. ಹತ್ತಿರದ ದಾರಿಗೆ ಅಡ್ಡಲಾಗಿ ಉಕ್ಕಿನ ದುಂಡು ತಟ್ಟೆಯೊಂದಿದೆ, ನಡುವಿನ ಕಡ್ಡಿಯ ಮೇಲೆ ತಿರುಗುತ್ತದೆ. ತಟ್ಟೆ ಮುಚ್ಚಿದರೆ ಹೊಗೆ ಬಳಸುದಾರಿ ಹಿಡಿಯುತ್ತದೆ, ತೆರೆದರೆ ನೇರ ಬರುತ್ತದೆ. ಮೂರು ಉಪಾಯಗಳಲ್ಲಿ ಎಷ್ಟನ್ನು ಬಳಸಬೇಕೆಂಬುದನ್ನು ಆ ತಟ್ಟೆ ನಿರ್ಧರಿಸುತ್ತದೆ.

ಹಳೆಯ ಕಾರಿಗೆ ಇದನ್ನು ಕೂರಿಸುವುದೆಂದರೆ ಬರಿಯ ಡಬ್ಬಿ ಬದಲಾಯಿಸುವ ಕೆಲಸವಲ್ಲ. ಎಡಬಲದ ಎರಡು ಸೈಲೆನ್ಸರು, ತುದಿಯ ಕೊಳವೆಗಳು, ವ್ಯಾಕ್ಯೂಮ್ ಹೋಗುವ ಸಣ್ಣ ಪೈಪುಗಳು, ವಿದ್ಯುತ್ತಿನಿಂದ ಆ ಪೈಪಿನ ದಾರಿ ಬದಲಿಸುವ ಸೊಲೆನಾಯ್ಡ್ ವಾಲ್ವು, ಗೇರಿನ ಹತ್ತಿರ ಎರಡು ಕೊಳವೆಯ ಚಿತ್ರವಿರುವ ಗುಂಡಿ, ಅಲ್ಲಿಂದ ಹಿಂದಿನವರೆಗೂ ವೈರು. ಇಷ್ಟೆಲ್ಲ ಕೂರಿಸಿದ ಮೇಲೆ ಕಾರಿನ ಕಂಪ್ಯೂಟರಿಗೆ 'ಇನ್ನು ಮೇಲೆ ನಿನಗೆ ಇಂಥದ್ದೊಂದು ಅಂಗ ಇದೆ' ಎಂದು ಕೋಡಿಂಗ್ ಮಾಡಿಸಬೇಕು. ಏಕೆಂದರೆ ಗುಂಡಿ ಒತ್ತದಿದ್ದಾಗಲೂ ವೇಗ, ಎಂಜಿನ್ನಿನ ಸುತ್ತು, ಮೇಲಿನ ಭಾರ ನೋಡಿಕೊಂಡು ತಟ್ಟೆಯನ್ನು ಆಡಿಸುವುದು ಆ ಕಂಪ್ಯೂಟರೇ.

ಇಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ವರ್ಕ್‌ಶಾಪುಗಳಿವೆ. ಕಾರು ಎತ್ತುವ ಲಿಫ್ಟು, ಪಾನಾ, ಸಾಕೆಟ್ಟು ಎಲ್ಲ ಅವರದ್ದೇ, ಕೈ ಮಾತ್ರ ನಮ್ಮದು. ಈ ಕೆಲಸ ಬಲ್ಲ ಗೆಳೆಯನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋದೆ. ಹಿಂದಿನ ಬಂಪರು ಬಿಚ್ಚಿ, ಶಾಖ ತಡೆಯುವ ತಗಡು ತೆಗೆದರೆ ಬೋಲ್ಟುಗಳು ಕಂಡವು. ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು, ಕೊಳವೆಯ ಬೆಂಕಿಯಂಥ ಬಿಸಿ, ಎರಡೂ ಸೇರಿ ಅವುಗಳ ತಲೆಯ ಆರು ಮೂಲೆಗಳನ್ನೂ ತಿಂದು ದುಂಡಗೆ ಮಾಡಿದ್ದವು. ತುಕ್ಕು ಬಿಡಿಸುವ ಎಣ್ಣೆ ಹಿಂದಿನ ರಾತ್ರಿಯೇ ಹಾಕಿಟ್ಟಿದ್ದರೂ ಪಾನಾ ಹಾಕಿ ಬಲ ಕೊಡುವ ಹಾಗಿರಲಿಲ್ಲ. ಅಲ್ಲಿ ತುಂಡಾದರೆ ಎಂಜಿನ್ನಿನ ಕಡೆಯೇ ಕೊರೆಯಬೇಕಾಗುತ್ತದೆ. ಗೆಳೆಯ ಬೋಲ್ಟನ್ನು ಬಿಗಿಯುವ ದಿಕ್ಕಿಗೇ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಡಿಸುವ ಕಡೆಗೆ, ಮತ್ತೆ ಬಿಗಿಯುವ ಕಡೆಗೆ, ಹೀಗೆ ಆಡಿಸುತ್ತ ಹೋದ. ಕಿರ್ ಎಂಬ ಸಣ್ಣ ದನಿ ಬಂದು ಕೆಂಪು ಪುಡಿ ಉದುರಿತು. ಆಮೇಲೆ ಕೈಯಲ್ಲೇ ತಿರುಗಿ ಬಂತು. ಅವಸರ ಪಡದೆ ಕಬ್ಬಿಣವನ್ನು ಒಪ್ಪಿಸುವ ಈ ಬಗೆಯನ್ನು ನೋಡುತ್ತ ನಿಲ್ಲುವುದೇ ಒಂದು ಸುಖ.

ಹೊಸ ಸೈಲೆನ್ಸರನ್ನು ಮೇಲಕ್ಕೆ ಏರಿಸುವ ಮೊದಲು ಬೆಂಚಿನ ಮೇಲಿಟ್ಟು ತಟ್ಟೆಯನ್ನು ಪರೀಕ್ಷೆ ಮಾಡಬೇಕು. ಡಬ್ಬಿಯ ಹೊರಮೈಯಲ್ಲಿ ಬಟ್ಟಲಿನಷ್ಟು ದೊಡ್ಡ ತಗಡಿನ ಗಡಿಗೆಯೊಂದಿದೆ, ಒಳಗೆ ರಬ್ಬರಿನ ಪರದೆ, ಪರದೆಗೆ ಕಟ್ಟಿದ ಕಡ್ಡಿ. ಕಡ್ಡಿಯ ತುದಿ ತಟ್ಟೆಯ ಸನ್ನೆಗೆ ಸಿಕ್ಕಿಕೊಂಡಿದೆ. ಗಡಿಗೆಯ ಮೂತಿಗೆ ಕೈಪಂಪು ಸಿಕ್ಕಿಸಿ ಗಾಳಿ ಎಳೆದೆವು. ಕಡ್ಡಿ ಸರ್ರನೆ ಒಳಕ್ಕೆ ಜಾರಿತು, ಟಕ್ ಎಂದು ತಟ್ಟೆ ಮುಚ್ಚಿಕೊಂಡಿತು. ಪಂಪಿನ ಮುಳ್ಳು ನೋಡುತ್ತ ಕಾದೆವು. ಮುಳ್ಳು ಅಲುಗಲಿಲ್ಲ, ಅಂದರೆ ಪರದೆಯಲ್ಲಿ ಸೋರಿಕೆ ಇಲ್ಲ. ಪೈಪು ಕಿತ್ತ ತಕ್ಷಣ ಸ್ಪ್ರಿಂಗಿನ ಬಲಕ್ಕೆ ತಟ್ಟೆ ತಾನಾಗಿ ತೆರೆದುಕೊಂಡಿತು.

ಮೇಷ್ಟ್ರಿಗೆ ಬಹಳ ಹಿಡಿಸಿದ್ದು ಇದೇ ಸಂಗತಿ. "ಒಂದ್ನಿಮಿಷ ಇರಪ್ಪಾ. ಅಂದ್ರೆ ಏನೂ ಮಾಡದೇ ಬಿಟ್ರೆ ಅದು ತೆರೆದೇ ಇರುತ್ತೆ? ಮುಚ್ಚೋಕೆ ಎಂಜಿನ್ನು ಗಾಳಿ ಎಳೀಬೇಕು?" ಹೌದು ಮೇಷ್ಟ್ರೇ, ಹಾಗೇ. ಎಂಜಿನ್ನು ಉಸಿರೆಳೆಯುವಾಗ ಹುಟ್ಟುವ ವ್ಯಾಕ್ಯೂಮಿನ ಒಂದು ಪಾಲನ್ನು ಕೂಡಿಟ್ಟುಕೊಂಡು, ಅದರಿಂದ ತಟ್ಟೆಯನ್ನು ಎಳೆದು ಹಿಡಿದುಕೊಂಡಿರಬೇಕು. ಹಿಡಿತ ಬಿಟ್ಟರೆ ಕಾರು ಕೂಗುತ್ತದೆ. ಆ್ಯಸ್ಟನ್ ಮಾರ್ಟಿನ್ ವಿ8 ವ್ಯಾಂಟೇಜ್ ಕಾರಿನವರು 22ನೇ ನಂಬರಿನ ಫ್ಯೂಸು ಕಿತ್ತು ಸದ್ದು ಮಾಡುವುದು ಈ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ, ತತ್ವ ಇದೇ. ವ್ಯಾಕ್ಯೂಮಿನ ಪೈಪು ಕಿತ್ತು ಅದರ ಬಾಯಿಗೆ ತಿರುಪು ಜಡಿದು ಯಾವಾಗಲೂ ತೆರೆದಿಟ್ಟುಕೊಂಡು ಓಡಾಡುವವರೂ ಇದ್ದಾರೆ. ಎಂಜಿನಿಯರರು ಹೀಗೆ ಮಾಡಿದ್ದಕ್ಕೆ ಕಾರಣ ಇದೆ: ಪೈಪು ಹರಿದರೂ ಹೊಗೆಯ ದಾರಿ ಕಟ್ಟಬಾರದು, ಎಂಜಿನ್ನು ಉಸಿರಾಡಬೇಕು. ಆದರೆ ನನಗೆ ಅದರಲ್ಲಿ ಇನ್ನೊಂದು ಮಾತೂ ಕಾಣುತ್ತದೆ. ಸದ್ದು ಮಾಡಲು ಏನೂ ಬೇಕಾಗಿಲ್ಲ. ಸುಮ್ಮನಿರುವುದಕ್ಕೆ ಮಾತ್ರ ಏರ್ಪಾಡು ಬೇಕು, ಎಚ್ಚರ ಬೇಕು, ಯಾರೋ ಹಿಡಿದುಕೊಂಡಿರಬೇಕು. ನಾನು ದುಡ್ಡು ಕೊಟ್ಟದ್ದು ಆ ಹಿಡಿತಕ್ಕೆ. ಬರಿಯ ಸದ್ದೇ ಬೇಕಿದ್ದರೆ ಸೈಲೆನ್ಸರಿನ ಬದಲು ನೇರ ಕೊಳವೆ ಬೆಸೆಸಿಬಿಡಬಹುದು, ಅದು ಎಲ್ಲಕ್ಕಿಂತ ಅಗ್ಗ. ಗುಂಡಿಯಿರುವ ಸೈಲೆನ್ಸರಿಗೆ ಬೆಲೆ ಬರುವುದು ಅದು ಮುಚ್ಚುತ್ತದೆ ಎನ್ನುವುದರಿಂದ.

ಕಸುವು ಹೆಚ್ಚುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಈಗಿನ ಮಾಮೂಲಿ ಸೈಲೆನ್ಸರುಗಳೂ ಎಂಜಿನ್ನಿಗೆ ಚೆನ್ನಾಗಿಯೇ ಉಸಿರಾಡಲು ಬಿಡುತ್ತವೆ. ಹಾಗಾಗಿ ಓಟದಲ್ಲಿ ಗೊತ್ತಾಗುವಂಥ ಲಾಭವೇನಿಲ್ಲ, ಅದರ ಆಸೆಯಿಂದ ಯಾರೂ ಕೊಳ್ಳಬೇಡಿ. ಇನ್ನು ಹೆದ್ದಾರಿಯ ಗುಂಯ್‌ಗಾಟ. 2200 ಸುತ್ತಿನಲ್ಲಿ ಒಂದೇ ಸಮ ಓಡಿಸುತ್ತಿದ್ದರೆ ಈ ಎಂಜಿನ್ನಿನ ಮೂಲ ದನಿ 110 ಹರ್ಟ್ಸ್, ಕಾರಿನ ಒಳಗಿನ ಗಾಳಿಗೆ ಪ್ರಿಯವಾದ ಶ್ರುತಿಯ ಆಸುಪಾಸು. ತೆರೆದ ಸೈಲೆನ್ಸರಿನಲ್ಲಿ ಮ್ಯೂನಿಕ್‌ವರೆಗೆ ಹೋದರೆ ತಲೆ ಹಿಡಿದುಕೊಂಡು ಇಳಿಯಬೇಕಾಗುತ್ತದೆ. ತಟ್ಟೆ ಮುಚ್ಚಿದರೆ ಅದು ಇಲ್ಲ. ಓಡಿಸುವವನಿಗೂ ಮುಚ್ಚುವ ಕದವೇ ಹೆಚ್ಚು ಉಪಕಾರಿ.

ಕಾನೂನಿನ ವಿಷಯಕ್ಕೆ ಬಂದರೆ ಈ ದೇಶದವರು ಬಲು ಶಿಸ್ತು. ಕಾರಿನ ನೋಂದಣಿ ಪತ್ರದಲ್ಲಿ ಯು.1 ಎಂಬ ಮನೆಯಲ್ಲಿ ನಿಂತಾಗಿನ ಸದ್ದು ಎಷ್ಟು ಡೆಸಿಬಲ್, ಯು.2ರಲ್ಲಿ ಅದನ್ನು ಅಳೆದದ್ದು ಎಷ್ಟು ಸುತ್ತಿನಲ್ಲಿ, ಯು.3ರಲ್ಲಿ ಓಡುವಾಗಿನ ಸದ್ದು ಎಷ್ಟು ಎಂದು ಅಚ್ಚಾಗಿರುತ್ತದೆ. ಪೊಲೀಸರಿಗೆ ಅನುಮಾನ ಬಂದರೆ ಕೊಳವೆಯ ಬಾಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಲ್ಲಿ ಮೈಕು ಹಿಡಿದು ಅಲ್ಲೇ ಅಳೆಯುತ್ತಾರೆ. ಓಡುವ ಕಾರನ್ನು ಅಳೆಯುವ ಪರೀಕ್ಷೆ ಬೇರೆ: 20 ಮೀಟರಿನ ಪಟ್ಟಿ, ನಡುಗೆರೆಯಿಂದ 7.5 ಮೀಟರ್ ದೂರದಲ್ಲಿ, ನೆಲದಿಂದ 1.2 ಮೀಟರ್ ಎತ್ತರದಲ್ಲಿ ಮೈಕು, 50 ಕಿಲೋಮೀಟರ್ ವೇಗದ ಹತ್ತಿರ ಆ್ಯಕ್ಸಿಲರೇಟರ್ ಒತ್ತುವುದು. ಎಲ್ಲಿ ಅಳೆಯುತ್ತಾರೆಂದು ಗೊತ್ತಿದ್ದರೆ ಆ ಜಾಗದಲ್ಲಿ ಮಾತ್ರ ತಟ್ಟೆ ಮುಚ್ಚಿಕೊಂಡು ಸಾಧುವಾಗಿರುವ ಕಾರು ಮಾಡಬಹುದಲ್ಲವೇ? ಆ ಕಂಡಿಯನ್ನು ಮುಚ್ಚಲೆಂದೇ 2016ರ ಜುಲೈಯಿಂದ ಹೊಸ ಮಾದರಿಗಳಿಗೆ ಬಿಗಿಯಾದ ನಿಯಮ ಬಂತು. ದನಿ ಬದಲಿಸುವ ಗುಂಡಿ ಇದ್ದರೆ ಅದರ ಪ್ರತಿಯೊಂದು ಸ್ಥಿತಿಯಲ್ಲೂ ಕಾರು ಮಿತಿಯೊಳಗೇ ಇರಬೇಕು. ಬಲು ಶಕ್ತಿಯ, ತಗ್ಗು ಸೀಟಿನ ಸ್ಪೋರ್ಟ್ಸ್ ಕಾರುಗಳಿಗೆ ಆ ಮಿತಿ 75 ಡೆಸಿಬಲ್ಲಿನಿಂದ 74ಕ್ಕೆ, 74ರಿಂದ 72ಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ. ಮೂರು ಡೆಸಿಬಲ್ ಇಳಿಯುವುದೆಂದರೆ ದನಿಯ ಶಕ್ತಿ ಅರ್ಧವಾದಂತೆ ಎಂದು ಮೇಷ್ಟ್ರಿಗೆ ಹೇಳಿಕೊಡಬೇಕಾಗಲಿಲ್ಲ.

ಆಮೇಲೆ ಕೂರಿಸುವ ಸೈಲೆನ್ಸರಿಗೂ ಒಪ್ಪಿಗೆ ಬೇಕು. ಡಬ್ಬಿಯ ಮೇಲೆ ವೃತ್ತದೊಳಗೆ 'ಇ' ಅಕ್ಷರ, ಪಕ್ಕದಲ್ಲಿ ಒಪ್ಪಿಗೆ ಕೊಟ್ಟ ದೇಶದ ಅಂಕಿ ಇರುತ್ತದೆ. 1 ಅಂದರೆ ಜರ್ಮನಿ, 4 ಅಂದರೆ ನೆದರ್‌ಲ್ಯಾಂಡ್ಸ್, 13 ಅಂದರೆ ಲಕ್ಸೆಂಬರ್ಗ್. ಎರಡು ವರ್ಷಕ್ಕೊಮ್ಮೆ ಕಾರನ್ನು ತಪಾಸಣೆಗೆ ಒಯ್ದಾಗ ಇನ್ಸ್‌ಪೆಕ್ಟರು ಟಾರ್ಚು ಹಿಡಿದು ಕಾರಿನಡಿ ಬಗ್ಗಿ ಓದುವುದು ಇದನ್ನೇ. ಒಪ್ಪಿಗೆಯಿಲ್ಲದ್ದನ್ನು ಹಾಕಿ ಸದ್ದು ಹೆಚ್ಚಿಸಿಕೊಂಡರೆ ಕಾರು ರಸ್ತೆಗಿಳಿಯುವ ಪರವಾನಗಿಯೇ ಬಿದ್ದುಹೋಗುತ್ತದೆ. ಎಲ್ಲ ಸರಿಯಿದ್ದರೂ ಎಲ್ಲೆಂದರಲ್ಲಿ ಕೂಗಿಸುವ ಹಾಗಿಲ್ಲ. ಸುಮ್ಮಸುಮ್ಮನೆ ಎಂಜಿನ್ನು ಓಡಿಸಿಕೊಂಡು ನಿಲ್ಲುವುದು, ಊರೊಳಗೆ ಕೆಲಸವಿಲ್ಲದೆ ಅತ್ತಿಂದಿತ್ತ ತಿರುಗಿ ಜನರಿಗೆ ತೊಂದರೆ ಕೊಡುವುದು ಇಲ್ಲಿಯ ರಸ್ತೆ ಕಾನೂನಿನಲ್ಲಿ ಅಪರಾಧ. ಗಡಿಯಾಚೆ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದವರು ಇನ್ನೂ ಮುಂದೆ ಹೋದರು. ರಾಯ್ಟ ಜಿಲ್ಲೆಯ ಬೆಟ್ಟದ ಕೆಲವು ರಸ್ತೆಗಳಲ್ಲಿ, ನಿಂತಾಗಿನ ಸದ್ದು 95 ಡೆಸಿಬಲ್ ಮೀರಿದ ಬೈಕುಗಳು ಬೇಸಿಗೆಯಲ್ಲಿ ಬರಲೇ ಕೂಡದೆಂದು 2020ರ ಜೂನಿನಲ್ಲಿ ಆಜ್ಞೆ ಮಾಡಿದರು.

"ನಮ್ಮೂರಲ್ಲೂ ಬುಲೆಟ್ಟಿಗೆ ಪಟಾಕಿ ಸದ್ದು ಬರೋ ಹಾಗೆ ಮಾಡ್ಕೊಂಡು ಹುಡುಗ್ರು ಸ್ಕೂಲ್ ಮುಂದೇನೇ ಓಡಾಡ್ತಾರಪ್ಪಾ. ಪೊಲೀಸ್ನೋರು ಸೈಲೆನ್ಸರ್ ಬಿಚ್ಚಿಸಿ ರೋಡ್ ರೋಲರ್ ಹತ್ತಿಸಿದ್ರು" ಎಂದರು ಮೇಷ್ಟ್ರು. ನಮ್ಮಲ್ಲೂ ಕಾನೂನಿಗೆ ಬರವಿಲ್ಲ. ಕೇಂದ್ರ ಮೋಟಾರು ವಾಹನ ನಿಯಮ 120ರಂತೆ ಪ್ರತಿ ವಾಹನಕ್ಕೂ ಸೈಲೆನ್ಸರ್ ಇರಲೇಬೇಕು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸಬಾರದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಖಚಿತವಾಗಿ ಹೇಳಿದೆ. ಆ ಹುಡುಗರ ಮೇಲೆ ನನಗೆ ಕೋಪವಿಲ್ಲ. ಎಂಜಿನ್ನಿನ ದನಿಯ ಮೇಲಿನ ಪ್ರೀತಿ ಅವರಿಗೂ ನನಗೂ ಒಂದೇ. ಆದರೆ ಒಳಗಿನ ಜಾಲರಿ ಕಿತ್ತ ಸೈಲೆನ್ಸರಿಗೆ ಮುಚ್ಚುವ ಕದ ಇಲ್ಲ. ಆಸ್ಪತ್ರೆಯ ಮುಂದೆಯೂ, ಪರೀಕ್ಷೆ ನಡೆಯುವ ಸ್ಕೂಲಿನ ಮುಂದೆಯೂ, ಸಾವಿನ ಮನೆಯ ಮುಂದೆಯೂ ಅದು ಹಾಗೇ ಕೂಗುತ್ತದೆ. ಬೇಡವೆನ್ನುವುದಕ್ಕೆ ಓಡಿಸುವವನ ಕೈಯಲ್ಲೇ ಏನೂ ಇಲ್ಲ.

ರಸ್ತೆಯ ಸದ್ದು ಹಗಲು-ರಾತ್ರಿಯ ಸರಾಸರಿಯಲ್ಲಿ 53 ಡೆಸಿಬಲ್ಲಿಗಿಂತಲೂ, ರಾತ್ರಿಯ ಹೊತ್ತು 45ಕ್ಕಿಂತಲೂ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಸಲಹೆ ಕೊಟ್ಟಿದೆ. ನಿದ್ದೆ, ರಕ್ತದ ಒತ್ತಡ, ಹೃದಯ, ಮೂರಕ್ಕೂ ಸದ್ದು ಕೇಡು. ಬೆಳಗಿನ ಜಾವ ಕಾರು ಚಾಲೂ ಮಾಡುವಾಗ ನನಗೆ ಇದು ನೆನಪಿರುತ್ತದೆ. ತಣ್ಣಗಿನ ಎಂಜಿನ್ನು ಕೆಟಲಿಟಿಕ್ ಕನ್ವರ್ಟರನ್ನು ಬೇಗ ಬಿಸಿ ಮಾಡಲೆಂದು ಮೊದಲ ಕೆಲವು ಕ್ಷಣ ಏರುದನಿಯಲ್ಲೇ ಓಡುತ್ತದೆ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ವ್ಯಾಕ್ಯೂಮೂ ಇಳಿದಿರಬಹುದು. ಹಾಗಾಗಿ ನಸುಕಿನಲ್ಲಿ ಹೊರಡುವುದಿದ್ದರೆ ಹಿಂದಿನ ಸಂಜೆಯೇ ಕಾರನ್ನು ಮನೆಗಳಿಲ್ಲದ ಬೀದಿಯ ತುದಿಗೆ ಒಯ್ದು ನಿಲ್ಲಿಸುತ್ತೇನೆ. ಗುಂಡಿ ಒತ್ತುವುದು ಬ್ಲ್ಯಾಕ್ ಫಾರೆಸ್ಟಿನ ಏರಿನಲ್ಲಿ, ಎರಡೂ ಕಡೆ ಮರ ಬಿಟ್ಟು ಬೇರೇನೂ ಇಲ್ಲದ ಕಡೆ. 4000 ಸುತ್ತು ದಾಟಿದಂತೆ ಆ ಒರಟು ಎಳೆ ತೆಳುವಾಗುತ್ತ, ಮೇಲುದನಿ ತುಂಬಿಕೊಳ್ಳುತ್ತ, 6000ದ ಹೊತ್ತಿಗೆ ಕಾರು ಹಾಡಿಗೇ ಇಳಿದಿರುತ್ತದೆ. ಗೇರು ಇಳಿಸಿದಾಗ ಬೆನ್ನ ಹಿಂದೆ ಅದರ ಗದರು ಕೇಳಬೇಕು. ಊರಿನ ಹೆಸರಿನ ಹಳದಿ ಬೋರ್ಡು ಕಂಡ ಕೂಡಲೇ ಮತ್ತೆ ಗುಂಡಿ.

ಈ ಸುಖ ಬಹಳ ಕಾಲ ಉಳಿಯುವಂಥದ್ದಲ್ಲ ಎಂಬುದೂ ಗೊತ್ತು. 2018ರ ಸೆಪ್ಟೆಂಬರಿನಿಂದೀಚೆಗೆ ಯುರೋಪಿನ ಹೊಸ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಿನವಕ್ಕೆ ಮಸಿಯ ಕಣ ಹಿಡಿಯುವ ಫಿಲ್ಟರು ಬಂದಿದೆ. ಗಾಳಿಗೆ ಒಳ್ಳೆಯದು, ದನಿ ಮಾತ್ರ ಅದರೊಳಗೆ ಮಂಕಾಗುತ್ತದೆ. ಕೆಲವು ಕಂಪನಿಗಳು ಸ್ಪೀಕರಿನಲ್ಲಿ ಎಂಜಿನ್ನಿನ ಸದ್ದು ನುಡಿಸುತ್ತವೆ. ಬಿಎಂಡಬ್ಲ್ಯೂ 2011ರ ಎಂ5 ಕಾರಿನಲ್ಲೇ ಅದನ್ನು ಶುರುಮಾಡಿತು. ವಿದ್ಯುತ್ ಕಾರುಗಳಿಗೆ ದನಿಯೇ ಇಲ್ಲದ್ದರಿಂದ, ಪಾದಚಾರಿಗಳಿಗೆ ಗೊತ್ತಾಗಲೆಂದು ಗಂಟೆಗೆ 20 ಕಿಲೋಮೀಟರ್ ವೇಗದವರೆಗೆ ಸದ್ದು ಮಾಡಲೇಬೇಕೆಂಬ ಕಾನೂನು ಯುರೋಪಿನಲ್ಲಿ 2019ರಿಂದ ಬಂದಿದೆ. ಅದು ಬೇಕಾದದ್ದೇ. ಆದರೆ ಬೆಂಕಿ ಉರಿದು, ಲೋಹದ ಕೊಳವೆಯಲ್ಲಿ ಹಾದು, ಒಂದು ತಟ್ಟೆಯ ಅಂಚು ಸವರಿಕೊಂಡು ಹೊರಬರುವ ದನಿಯನ್ನು ಸ್ಪೀಕರು ಕೊಡಲಾರದು. ಇರುವಷ್ಟು ದಿನ ಅದನ್ನು ಮರ್ಯಾದೆಯಿಂದ ಉಳಿಸಿಕೊಳ್ಳಬೇಕೆಂಬುದು ನನ್ನ ಆಸೆ. ಜನರ ನಿದ್ದೆ ಕೆಡಿಸಿದಷ್ಟೂ ಕಾನೂನು ಬಿಗಿಯಾಗುತ್ತದೆ. ಪ್ರೀತಿಸುವವರೇ ಅದನ್ನು ಬೇಗ ಕಳೆದುಕೊಳ್ಳುತ್ತೇವೆ.

ಮೇಷ್ಟ್ರ ಮಗನಿಗೂ ಈಗ ಅವನ ಹಳೆಯ ಬಾಕ್ಸ್‌ಸ್ಟರಿಗೆ ಇಂಥದ್ದೊಂದು ಹಾಕಿಸುವ ಮನಸ್ಸಾಗಿದೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಡಬ್ಬಿಯ ಮೇಲೆ 'ಇ' ಗುರುತಿದೆಯೇ, ಅದರ ಕಾಗದ ನಿಮ್ಮ ಕಾರಿನ ಮಾದರಿಗೇ ಬರೆದದ್ದೇ, ಮೊದಲು ನೋಡಿ. ಹಳೆಯ ಸಾಮಾನು ಕೊಳ್ಳುವುದಾದರೆ ಕೈಪಂಪಿನಿಂದ ಗಡಿಗೆ ಪರೀಕ್ಷಿಸದೆ ದುಡ್ಡು ಕೊಡಬೇಡಿ. ತಟ್ಟೆಯ ಕಡ್ಡಿ ತುಕ್ಕು ಹಿಡಿದು ಅರ್ಧಕ್ಕೇ ನಿಂತಿದ್ದರೆ ಅದು ಮತ್ತೆ ಸರಿಹೋಗುವುದು ಕಷ್ಟ. ಅಂಗಡಿಯವರು ತೆರೆದ ದನಿಯನ್ನೇ ಮೊದಲು ಕೇಳಿಸುತ್ತಾರೆ, ಅದಕ್ಕೆ ಮರುಳಾಗದವರಿಲ್ಲ. ನೀವು ತಟ್ಟೆ ಮುಚ್ಚಿಸಿ, ಬೇರೆಯವರ ಕೈಗೆ ಕಾರು ಕೊಟ್ಟು, ರಸ್ತೆಯ ಆಚೆ ಬದಿಯ ಮನೆಯ ಗೇಟಿನ ಹತ್ತಿರ ಹೋಗಿ ನಿಂತು ಕೇಳಿ. ಊರೊಳಗೆ ನಿಮ್ಮ ಕಾರು ದಿನವೂ ಆಡುವ ಮಾತು ಅದೇ. ಅಲ್ಲಿ ನಿಂತಾಗ ನಿಮ್ಮ ಮನಸ್ಸು ಒಪ್ಪಿದರೆ ಕೊಂಡುಕೊಳ್ಳಿ.